ಅಕ್ಕನ ಮೆಡಿಕೇರ್, ನನ್ನ ರಾಹುಕಾಲ

ವಿಜಯನಗರ

ಅಮೆರಿಕ ನೋಡಿ ಬಂದವರು ಅಲ್ಲಿನ ಎತ್ತರದ ಕಟ್ಟಡಗಳನ್ನೂ ದೊಡ್ಡ ಜಲಪಾತವನ್ನೂ ವರ್ಣಿಸುವುದು ವಾಡಿಕೆ. ನಾನು ಎರಡನ್ನೂ ನೋಡಲಿಲ್ಲ. ನಾನು ನೋಡಿದ್ದು ಮರುಭೂಮಿಯ ನಡುವೆ ಸದಾ ಮಧ್ಯಾಹ್ನದ ಜೋಂಪಿನಲ್ಲಿರುವ ಒಂದು ಊರನ್ನು, ಮತ್ತು ಆ ಊರಿನಲ್ಲಿ ನೆಲೆಸುವ ಮುನ್ನ ಒಂದು ವೈದ್ಯವಿಮೆಯ ಪ್ಲಾನ್ ಆರಿಸಲು ನನ್ನ ಅಕ್ಕ ಪಟ್ಟ ಪಾಡನ್ನು. ಇಷ್ಟಕ್ಕೆ ಸಮುದ್ರ ದಾಟಬೇಕಿತ್ತೇ ಎಂದು ನಮ್ಮ ಯಜಮಾನರು ಈಗಲೂ ಕೇಳುತ್ತಾರೆ. ದಾಟಬೇಕಿತ್ತು.

ಶಾರದಕ್ಕ ನನಗಿಂತ ಐದು ವರ್ಷ ದೊಡ್ಡವಳು. ಮದುವೆಯಾದ ಮೇಲೆ ನಾವಿಬ್ಬರೂ ರಾಜಾಜಿನಗರದಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿದ್ದೆವು. ಅವಳ ಮನೆಯ ಒಗ್ಗರಣೆಯ ಸದ್ದು ನಮ್ಮ ಹಿತ್ತಲಿಗೆ ಕೇಳುತ್ತಿತ್ತು ಎಂದರೆ ಅತಿಯಾದೀತು, ವಾಸನೆಯಂತೂ ಬರುತ್ತಿತ್ತು. ಆಮೇಲೆ ಭಾವನಿಗೆ ಅಮೆರಿಕದ ಕಾಲೇಜೊಂದರಲ್ಲಿ ಕಲ್ಲು ಮಣ್ಣು ಪರೀಕ್ಷಿಸುವ ಕೆಲಸ ಸಿಕ್ಕಿತು. ಎರಡು ವರ್ಷಕ್ಕೆಂದು ಹೋದವರು ಅಲ್ಲೇ ಉಳಿದರು. ಮಕ್ಕಳಾಗಲಿಲ್ಲ. ಅಕ್ಕ ಅಲ್ಲಿನ ಶಾಲೆಯೊಂದರ ಲೈಬ್ರರಿಯಲ್ಲಿ ದುಡಿದು ನಿವೃತ್ತಳಾದಳು. ಭಾವ ತೀರಿಕೊಂಡರು. ಅದಾದ ಮೇಲೆ ಅವಳ ಎದೆಬಡಿತ ತಾಳ ತಪ್ಪತೊಡಗಿ, ಡಾಕ್ಟರುಗಳು ಬಡಿತ ಸರಿಪಡಿಸುವ ಪುಟ್ಟ ಯಂತ್ರವೊಂದನ್ನು ಚರ್ಮದ ಕೆಳಗೆ ಕೂರಿಸಿದರು. ಹಿಮ ಬೀಳುವ ಊರು ಸಾಕಾಯಿತು, ಬಿಸಿಲಿನ ಅರಿಝೋನಾದಲ್ಲಿ ನಿವೃತ್ತರಿಗೆಂದೇ ಕಟ್ಟಿದ ಊರಿಗೆ ಹೋಗುತ್ತಿದ್ದೇನೆ, ಒಂದಷ್ಟು ದಿನ ಜೊತೆಗಿರಲು ಬಾ ಎಂದು ಅವಳು ನನಗೆ ಟಿಕೆಟ್ಟು ಕಳಿಸಿದಳು.

ನನ್ನ ತಲೆಯಲ್ಲಿ ಬೇರೆಯೇ ಯೋಚನೆ ಇತ್ತು. ಆ ಹೊತ್ತಿಗೆ ನಾವು ವಿಜಯನಗರದಲ್ಲಿ, ಅತ್ತಿಗುಪ್ಪೆಯ ಕಡೆಗೆ, ಸ್ವಂತ ಮನೆ ಕಟ್ಟಿದ್ದೆವು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಾನು ನಿವೃತ್ತಳಾದ ಮೇಲೆ ಮಹಡಿಯಲ್ಲಿ ಒಂದು ಕೋಣೆ ಎಬ್ಬಿಸಿದೆ. ಪೂರ್ವಕ್ಕೆ ಕಿಟಕಿ, ಕಿಟಕಿಗೆ ತಾಗುವಂತೆ ಪಕ್ಕದವರ ಸಂಪಿಗೆ ಮರ. ಅಕ್ಕನ ಮಂಡಿಗೆ ಹಿತವಾಗಲಿ ಎಂದು ಕುರ್ಚಿಯ ಹಾಗೆ ಕೂರುವ ಕಮೋಡು. ನಮ್ಮ ಬೀದಿಗೆ ಅದೇ ಮೊದಲನೆಯದು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಮಹಡಿ ಹತ್ತಿ ಅದರ ದರ್ಶನವನ್ನೂ ಮಾಡಿಕೊಂಡು ಹೋಗುತ್ತಿದ್ದರು.

"ಮಹಾರಾಣಿ ಬರ್ತಾರೋ ಇಲ್ವೋ ಕೇಳ್ದೇನೇ ಸಿಂಹಾಸನ ಮಾಡಿಸ್ಬಿಟ್ಯಲ್ಲೇ ಲಲಿತಾ," ಎಂದರು ಯಜಮಾನರು.

"ಕೇಳೋಕೇ ಹೋಗ್ತಾ ಇರೋದು," ಎಂದೆ.

ಅಕ್ಕನನ್ನು ಮನೆಗೆ ಕರೆದುಕೊಂಡು ಬರುವುದು, ಅಷ್ಟೇ ನನ್ನ ಪ್ರವಾಸದ ಉದ್ದೇಶ. ಕೋಣೆಯ ವಿಷಯವನ್ನು ಅವಳಿಗೆ ತಿಳಿಸಿರಲಿಲ್ಲ. ಎದುರು ಕೂತು ಹೇಳಿದರೆ ಇಲ್ಲ ಎನ್ನುವುದಕ್ಕೆ ಅವಳಿಗೆ ಬಾಯಿ ಬರಲಾರದು ಎಂದು ನನ್ನ ಲೆಕ್ಕ.

ಆಕಾಶ

ಬೊಂಬಾಯಿಯವರೆಗೆ ರೈಲು, ಅಲ್ಲಿಂದ ವಿಮಾನ. ಪಡುವಣಕ್ಕೆ ಹಾರುವ ವಿಮಾನದಲ್ಲಿ ಹಗಲು ಮುಗಿಯುವುದೇ ಇಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ನಿದ್ದೆ ಮುಗಿಸಿ ಎದ್ದರೆ ಮಧ್ಯಾಹ್ನ, ಇನ್ನೊಂದು ನಿದ್ದೆ ಮುಗಿಸಿದರೂ ಅದೇ ಮಧ್ಯಾಹ್ನ. ಕೆಳಗೆ ಹಿಂಜಿದ ಹತ್ತಿಯಂಥ ಮೋಡ. ನಾನು ಹೋಗುತ್ತಿದ್ದೇನೋ ನಿಂತಿದ್ದೇನೋ ತಿಳಿಯದೆ, ಸತ್ತವರು ಹೀಗೇ ಪ್ರಯಾಣ ಮಾಡುತ್ತಾರೇನೋ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಕೆನ್ನೆ ಬಡಿದುಕೊಂಡೆ.

ಆ ಜೋಂಪಿನಲ್ಲೇ ಒಂದು ಎಡವಟ್ಟಾಯಿತು. ಕಾಲು ಊದಿದೆಯೆಂದು ಕಳಚಿಟ್ಟ ನನ್ನ ಒಂದು ಚಪ್ಪಲಿ, ವಿಮಾನ ಮೂತಿ ಬಗ್ಗಿಸಿದಾಗ, ಮುಂದಿನ ಸೀಟುಗಳ ಕೆಳಗೆ ಜಾರಿಕೊಂಡು ಎಲ್ಲಿಗೋ ಹೋಯಿತು. ನಾನು ತಡಕಾಡುವುದನ್ನು ಕಂಡು ಪಕ್ಕದ ಜರ್ಮನ್ ಮುದುಕ ಮುಂದಿನವರಿಗೆ ಏನೋ ಹೇಳಿದ. ಸ್ವಲ್ಪ ಹೊತ್ತಿನಲ್ಲಿ ನನ್ನ ಚಪ್ಪಲಿ ಕೈಯಿಂದ ಕೈಗೆ ದಾಟುತ್ತಾ, ಪ್ರಸಾದದ ತಟ್ಟೆಯಂತೆ, ವಾಪಸು ಬಂತು. ಕೋಟು ಟೈ ತೊಟ್ಟ ಗಂಡಸರು ಅದನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತಾ ಹಿಂದಿನವರಿಗೆ ಕೊಡುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೆ ಕೆಳಗೆ ಭೂಮಿಯೇ ಇರಲಿಲ್ಲ. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಾವು, ಇಷ್ಟು ಜನರ ಕೈಗೆ ಚಪ್ಪಲಿ ಕೊಟ್ಟ ಪಾಪವನ್ನು ಎಲ್ಲಿ ತೊಳೆಯಬೇಕು? ಎಲ್ಲರಿಗೂ ಕೈ ಮುಗಿದೆ. ಅವರೂ ಮುಗಿದರು.

ಹಸಿರು ಬಳಿದ ಕಲ್ಲುಗಳ ಊರು

ವಿಮಾನ ನಿಲ್ದಾಣದಲ್ಲಿ ಅಕ್ಕ ಪ್ಯಾಂಟು ತೊಟ್ಟು, ಹಣೆಗೆ ಪುಟ್ಟ ಬೊಟ್ಟಿಟ್ಟು ನಿಂತಿದ್ದಳು. ಬಹಳ ಇಳಿದಿದ್ದಳು. ಅಪ್ಪಿಕೊಂಡರೆ ಎಲ್ಲಿ ಎದೆಯ ಯಂತ್ರಕ್ಕೆ ಪೆಟ್ಟಾಗುತ್ತದೋ ಎಂದು ಹೆದರಿ ಅವಳ ಬಲಗೈಯನ್ನೇ ಹಿಡಿದುಕೊಂಡೆ.

"ಟೈಮೆಷ್ಟಕ್ಕ? ನನ್ನ ಗಡಿಯಾರ ಹನ್ನೊಂದು ತೋರಿಸ್ತಾ ಇದೆ."

"ಇಲ್ಲಿ ಹತ್ತೂವರೆ."

"ಹಾಗಾದ್ರೆ ಇದು ಅರ್ಧ ಗಂಟೆ ಮುಂದೆ ಓಡ್ತಿದೆ."

ಅಕ್ಕ ನಕ್ಕಳು. "ಅದು ಓಡಿಲ್ಲ ಕಣೇ, ಊರಲ್ಲೇ ಇದೆ. ಅಲ್ಲಿ ಈಗ ರಾತ್ರಿ ಹನ್ನೊಂದು, ಇಲ್ಲಿ ಬೆಳಗ್ಗೆ ಹತ್ತೂವರೆ. ಮುಳ್ಳುಗಳು ಮಾತ್ರ ಹೆಚ್ಚುಕಮ್ಮಿ ಒಂದೇ ಕಡೆ ಇರ್ತವೆ."

ಲೆಕ್ಕದ ಮೇಡಂ ಆಗಿದ್ದವಳಿಗೆ ಇದು ಹೊಳೆದಿರಲಿಲ್ಲ ಎಂದು ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಭೂಮಿಯ ಆಚೆ ಬದಿಗೆ ಬಂದರೂ ನನ್ನ ಗಡಿಯಾರದ ಮುಳ್ಳು ಅರ್ಧ ಗಂಟೆಯಷ್ಟೇ ಆಚೀಚೆ. ಅದನ್ನು ತಿರುಗಿಸುವುದೇ ಬೇಡವೆಂದು ಬಿಟ್ಟೆ. ಆಮೇಲೆ ಎಷ್ಟೋ ಸಲ, ಬಿಳಿ ಬಿಸಿಲಿನಲ್ಲಿ ಕೂತು ಗಡಿಯಾರ ನೋಡುತ್ತಾ, ಈಗ ನಮ್ಮ ಬೀದಿಯಲ್ಲಿ ದೀಪ ಆರಿರುತ್ತದೆ, ಯಜಮಾನರು ಗೊರಕೆ ಹೊಡೆಯುತ್ತಿರುತ್ತಾರೆ ಎಂದುಕೊಳ್ಳುತ್ತಿದ್ದೆ. ಎರಡೂ ಊರುಗಳು ಒಂದರ ಮೇಲೊಂದು ಹಾಸಿದ ಹಾಗೆ ಕಾಣುತ್ತಿದ್ದವು.

ಆ ಊರಿನಲ್ಲಿ ಮಕ್ಕಳಿಲ್ಲ. ಐವತ್ತೈದು ದಾಟದವರು ಮನೆ ಮಾಡುವಂತಿಲ್ಲ, ಮೊಮ್ಮಕ್ಕಳು ಬಂದರೂ ಕೆಲವು ದಿನ ಇದ್ದು ಹೋಗಬೇಕು. ಬೀದಿಗಳು ಅಗಲ, ನಿಶ್ಶಬ್ದ. ಒಂದೇ ಥರದ ತಗ್ಗು ಮನೆಗಳು. ನೀರಿಲ್ಲದ ಸೀಮೆಯಾದ್ದರಿಂದ ಮನೆಮುಂದೆ ಹುಲ್ಲಿನ ಬದಲು ಜಲ್ಲಿಕಲ್ಲು ಸುರಿದು, ಆ ಕಲ್ಲಿಗೆ ಹಸಿರು ಬಣ್ಣ ಬಳಿದಿದ್ದರು. ಬೆಳ್ಳಗಿನ ಮುದುಕ ಮುದುಕಿಯರು ಆಟದ ಕಾರಿನಂಥ ಬ್ಯಾಟರಿ ಗಾಡಿಗಳಲ್ಲಿ ಸದ್ದಿಲ್ಲದೆ ತೇಲಿ ಬಂದು, ಕೈಯೆತ್ತಿ, ತೇಲಿ ಹೋಗುತ್ತಿದ್ದರು. ದೂರದಲ್ಲಿ ಕೈಯೆತ್ತಿ ನಿಂತ ಆಳೆತ್ತರದ ಕಳ್ಳಿಗಳು. ಮೊದಲ ಸಂಜೆ ಅವುಗಳಿಗೂ ನಾನು ಕೈಯೆತ್ತಿದೆ.

ಅಕ್ಕನಿಗೆ ಕೆಲವು ವಾರ ಇದ್ದು ನೋಡಲು ಒಂದು ಮನೆ ಕೊಟ್ಟಿದ್ದರು. ಹಿತ್ತಲಲ್ಲಿ ಒಂದು ಕಿತ್ತಳೆ ಮರ. ಅದು ಆಗ ಹೂ ಬಿಟ್ಟಿತ್ತು. ಬಾಗಿಲು ತೆರೆದರೆ ಸಾಕು, ಅದರ ಘಮ ಒಳಗೆ ಬಂದು ಕುರ್ಚಿಯ ಮೇಲೆ ಕೂರುತ್ತಿತ್ತು. ಅಕ್ಕ ಬೆಳಗಿನ ಕಾಫಿಯನ್ನು ಆ ಮರದ ಕೆಳಗೇ ಕುಡಿಯುತ್ತಿದ್ದಳು. ಇದೇ ಮನೆ ಬೇಕೆಂದು ಅವಳು ಮನಸ್ಸಿನಲ್ಲೇ ನಿಶ್ಚಯಿಸಿದ್ದಳು.

ಎರಡನೆಯ ಬೆಳಗ್ಗೆ ನಾನು ಅಭ್ಯಾಸಬಲದಿಂದ ಬಾಗಿಲ ಮುಂದಿನ ಸಿಮೆಂಟಿಗೆ ನೀರು ಹಾಕಿ, ಅಕ್ಕಿಹಿಟ್ಟಿನಲ್ಲಿ ರಂಗೋಲಿ ಬಿಟ್ಟೆ. ಕಾಫಿ ಮುಗಿಯುವಷ್ಟರಲ್ಲಿ ಊರಿನ ಕಮಿಟಿಯ ಮುದುಕರೊಬ್ಬರು ಬ್ಯಾಟರಿ ಗಾಡಿಯಲ್ಲಿ ಬಂದರು. ಮನೆಯ ಮುಂಭಾಗವನ್ನು ಮಾರ್ಪಡಿಸುವಂತಿಲ್ಲ ಎಂಬುದು ನಿಯಮ. ಅವರು ರಂಗೋಲಿಯ ಸುತ್ತ ಎರಡು ಸಲ ನಡೆದರು. ಅದರ ಮೇಲೆ ಕಾಲಿಡದಂತೆ ಎಚ್ಚರ ವಹಿಸಿದ್ದನ್ನು ಗಮನಿಸಿದೆ. ಬಹಳ ಯೋಚಿಸಿ, ಭೇಟಿಗೆ ಬಂದ ಮೊಮ್ಮಕ್ಕಳು ಸೀಮೆಸುಣ್ಣದಲ್ಲಿ ಚಿತ್ರ ಬರೆಯಬಹುದೆಂದು ಒಂದು ವಿನಾಯಿತಿ ಇದೆ, ಇವರನ್ನು ಭೇಟಿಗೆ ಬಂದ ಮೊಮ್ಮಗಳು ಎಂದು ಪರಿಗಣಿಸಬಹುದು ಎಂದರು. ಹಾಗೆ ಅರವತ್ತರ ನಾನು ಆ ಊರಿನ ಅಧಿಕೃತ ಮೊಮ್ಮಗಳಾದೆ. ಆಮೇಲೆ ದಿನವೂ ಬೆಳಗ್ಗೆ ಅವರ ಗಾಡಿ ನಮ್ಮ ಮನೆ ಮುಂದೆ ನಿಧಾನವಾಗುತ್ತಿತ್ತು.

ಊಟದ ಹಾಲ್

ಮಧ್ಯಾಹ್ನ ಎಲ್ಲರೂ ದೊಡ್ಡ ಹಾಲಿನಲ್ಲಿ ಒಟ್ಟಿಗೆ ಊಟ ಮಾಡುತ್ತಾರೆ. ನಮ್ಮಲ್ಲಿ ಎದುರಾದವರನ್ನು ಊಟ ಆಯ್ತಾ ಎಂದು ಕೇಳುವ ಹಾಗೆ ಅಲ್ಲಿ ನಿಮ್ಮದು ಯಾವ ಪ್ಲಾನ್ ಎಂದು ಕೇಳುತ್ತಾರೆ. ನಾನು ಮೊದಲು ಮನೆಯ ನಕ್ಷೆ ಎಂದುಕೊಂಡೆ. ಪೂರ್ವದ ಬಾಗಿಲು, ಆಗ್ನೇಯಕ್ಕೆ ಅಡಿಗೆಮನೆ ಎಂದು ವಿವರಿಸಲು ಹೊರಟಾಗ ಅಕ್ಕ ಮೇಜಿನ ಕೆಳಗೆ ಕಾಲು ತುಳಿದಳು.

ಪಕ್ಕದ ಮನೆಯ ಡಾರತಿ, ನೀಲಿ ಛಾಯೆಯ ಕೂದಲಿನ ಗುಂಡಗಿನ ಹೆಂಗಸು, ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅರವತ್ತೈದು ತುಂಬಿದವರ ಆಸ್ಪತ್ರೆಯ ಖರ್ಚನ್ನು ಅಲ್ಲಿನ ಸರ್ಕಾರ ಹೊರುತ್ತದೆ. ಅದಕ್ಕೆ ಮೆಡಿಕೇರ್ ಎಂದು ಹೆಸರು. ಆದರೆ ಪೂರ್ತಿ ಹೊರುವುದಿಲ್ಲ, ಕೆಳಗೆ ಸೋರುವುದು ನಮ್ಮ ತಲೆಗೆ. ಆ ಸೋರಿಕೆ ತಡೆಯಲು ಎರಡು ದಾರಿ. ಒಂದು, ಮೆಡಿಕೇರನ್ನೇ ಒಂದು ಕಂಪನಿಯ ಕೈಗೆ ಒಪ್ಪಿಸುವುದು. ಅವರು ಔಷಧಿ, ಕನ್ನಡಕ ಎಲ್ಲ ಕೊಡುತ್ತಾರೆ, ಹೆಚ್ಚು ದುಡ್ಡೂ ಕೇಳುವುದಿಲ್ಲ. ಆದರೆ ಅವರ ಡಾಕ್ಟರು, ಅವರ ಆಸ್ಪತ್ರೆ, ಈ ಜಿಲ್ಲೆಯ ಒಳಗೆ ಮಾತ್ರ. ಇನ್ನೊಂದು, ಮೆಡಿಕೇರನ್ನು ಹಾಗೇ ಇಟ್ಟುಕೊಂಡು ಅದರ ಹಿಂದೆ ಇನ್ನೊಂದು ವಿಮೆ ಕಟ್ಟುವುದು. ಅದಕ್ಕೆ ತಿಂಗಳು ತಿಂಗಳು ದುಡ್ಡು ತೆರಬೇಕು, ಆದರೆ ಯಾವ ಊರಿನ ಯಾವ ಡಾಕ್ಟರಾದರೂ ಆದೀತು.

"ಮೊದಲನೇದು ನಮ್ಮ ರೇಷನ್ ಕಾರ್ಡ್ ಇದ್ದ ಹಾಗೆ," ಎಂದೆ ಅಕ್ಕನಿಗೆ. "ವಿಜಯನಗರದ ಅಂಗಡೀಲಿ ಬರೆಸಿದ್ರೆ ರಾಜಾಜಿನಗರದಲ್ಲಿ ಸಕ್ಕರೆ ಕೊಡಲ್ಲ."

"ಎರಡನೇದು?"

"ಗಾಳಿಪಟಕ್ಕೆ ಕಟ್ಟೋ ಬಾಲಂಗೋಚಿ."

ಅಂದಿನಿಂದ ನಾವು ಅವಕ್ಕೆ ರೇಷನ್ ಪ್ಲಾನ್, ಬಾಲಂಗೋಚಿ ಪ್ಲಾನ್ ಎಂದೇ ಹೆಸರಿಟ್ಟೆವು. ಹಿಮದ ಊರಿನಲ್ಲಿ ಭಾವನ ಕಾಲೇಜಿನಿಂದ ಬಂದಿದ್ದ ಹಳೆಯ ವಿಮೆ ಇಲ್ಲಿಗೆ ನಡೆಯುತ್ತಿರಲಿಲ್ಲ. ಅರವತ್ತೈದು ತುಂಬಿದ ಹೊಸದರಲ್ಲೇ ಕೇಳಿದರೆ ಎದೆಯ ಯಂತ್ರದ ಬಗ್ಗೆ ಯಾವ ಕಂಪನಿಯೂ ತಕರಾರು ತೆಗೆಯುವುದಿಲ್ಲ, ತಡ ಮಾಡಿದರೆ ತೆಗೆಯಬಹುದು ಎಂದಳು ಡಾರತಿ. ಅಕ್ಕನ ಪಿಂಚಣಿಯಲ್ಲಿ ರೇಷನ್ ಪ್ಲಾನೂ ಕಿತ್ತಳೆ ಮರದ ಮನೆಯೂ ಒಟ್ಟಿಗೆ ಹೊಂದುತ್ತಿದ್ದವು. ಬಾಲಂಗೋಚಿ ಕಟ್ಟಿದರೆ ಮರ ಬಿಡಬೇಕಿತ್ತು.

ನಾನು ಯಾವುದನ್ನೂ ಹೊಗಳಲಿಲ್ಲ. ಇಬ್ಬರು ವರರನ್ನೂ ತೆಗಳುವ ಹೆಣ್ಣಿನ ಕಡೆಯವಳ ಹಾಗೆ ಎರಡರಲ್ಲೂ ಹುಳುಕು ಹುಡುಕಿದೆ. ಮೂರನೆಯ ಪ್ಲಾನ್ ನನ್ನ ಹತ್ತಿರವೇ ಇತ್ತಲ್ಲ, ಸಂಪಿಗೆ ಮರದ ಪಕ್ಕದಲ್ಲಿ.

ಫೋನು

ಒಂದು ಬೆಳಗ್ಗೆ ಅಕ್ಕ ಫೋನಿನ ಮುಂದೆ ಕೂತು, ಸಣ್ಣ ಪೆಟ್ಟಿಗೆಯೊಂದರ ತಂತಿಗಳನ್ನು ಕೈಗಳಿಗೆ ಸಿಕ್ಕಿಸಿಕೊಂಡು, ಫೋನಿನ ಬಾಯನ್ನು ಆ ಪೆಟ್ಟಿಗೆಯ ಮೇಲೆ ಮಲಗಿಸಿದಳು. ಕೋಣೆಯಲ್ಲಿ ಜೀರುಂಡೆಯ ಹಾಗೆ ಒಂದು ಸಣ್ಣ ರಾಗ ಏರುತ್ತಾ ಇಳಿಯುತ್ತಾ ಕೇಳಿಸಿತು.

"ಏನಕ್ಕ ಇದು?"

"ನನ್ನ ಎದೆ," ಎಂದಳು ಪಿಸುಮಾತಿನಲ್ಲಿ. "ಆಸ್ಪತ್ರೆಯವರು ಆ ಕಡೆಯಿಂದ ಕೇಳಿಸ್ಕೊಳ್ತಾ ಇದಾರೆ. ಬ್ಯಾಟರಿ ಸೋತರೆ ಅವರಿಗೆ ಗೊತ್ತಾಗತ್ತೆ."

ನಾವು ಫೋನಿಗೆ ಅರ್ಜಿ ಹಾಕಿ ವರ್ಷಗಳಾಗಿದ್ದವು. ಬೀದಿಗೆಲ್ಲ ಒಂದೇ ಫೋನಿದ್ದ ಅಂಗಡಿಯವನ ಮನೆಗೆ ಓಡಿ, ಹಲೋ ಹಲೋ ಎಂದು ಇಡೀ ಬೀದಿಗೆ ಕೇಳುವಂತೆ ಕೂಗುವುದಷ್ಟೇ ನನಗೆ ಗೊತ್ತಿದ್ದ ಫೋನು. ಇಲ್ಲಿ ಒಬ್ಬಳು ತನ್ನ ಎದೆಬಡಿತವನ್ನೇ ತಂತಿಯಲ್ಲಿ ಕಳಿಸುತ್ತಿದ್ದಳು. ಹೊರಗೆ ಬಿಸಿಲು, ಕಿತ್ತಳೆ ಹೂವಿನ ಘಮ, ಒಳಗೆ ಆ ಜೀರುಂಡೆ ರಾಗ. ನಾನು ಗೋಡೆಗೊರಗಿ ಕೇಳುತ್ತಾ ನಿಂತೆ. ಚಿಕ್ಕಂದಿನಲ್ಲಿ ಅವಳ ಎದೆಗೆ ಕಿವಿಯಾನಿಸಿಕೊಂಡು ಮಲಗುತ್ತಿದ್ದೆ. ಆಗ ಕೇಳುತ್ತಿದ್ದ ಸದ್ದು ಬೇರೆ.

ಶುಕ್ರವಾರ

ರೇಷನ್ ಪ್ಲಾನಿನ ಏಜೆಂಟ್ ಹೆರಾಲ್ಡ್ ಎಂಬಾತ ಶುಕ್ರವಾರ ಹನ್ನೊಂದಕ್ಕೆ ಮನೆಗೆ ಬಂದ. ಎತ್ತರದ ಆಳು, ಟೈ ಬದಲು ಕೊರಳಿಗೆ ಬೆಳ್ಳಿಬಿಲ್ಲೆಯ ಹಗ್ಗ ಕಟ್ಟಿಕೊಂಡಿದ್ದ. ಅಕ್ಕ ಎಲ್ಲ ನಿರ್ಧರಿಸಿಬಿಟ್ಟಿದ್ದಳು. ರೇಷನ್ ಪ್ಲಾನು, ಕಿತ್ತಳೆ ಮನೆ. ಹೆರಾಲ್ಡ್ ಕಾಗದ ಹರಡಿದ, ಅಕ್ಕ ಪೆನ್ನಿನ ಮುಚ್ಚಳ ತೆಗೆದಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದವಳ ಕಣ್ಣು ಗಡಿಯಾರದ ಮೇಲೆ ಬಿತ್ತು. ಹನ್ನೊಂದೂವರೆ.

"ಅಕ್ಕಾ, ತಡಿ! ಶುಕ್ರವಾರ, ರಾಹುಕಾಲ!"

ಅಕ್ಕನ ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ಆ ದೇಶದಲ್ಲಿದ್ದು, ಆ ಪದವನ್ನೇ ಮರೆತಿದ್ದಳೋ ಏನೋ. ಆದರೂ ಕೈ ನಿಂತಿತು.

"ನಿನ್ನ ಗಡಿಯಾರದಲ್ಲಿ ಈಗ ರಾತ್ರಿ ಕಣೇ. ರಾತ್ರಿ ಎಲ್ಲಿಯ ರಾಹುಕಾಲ?"

ನಿಜವೇ. ನಾನು ವಿಜಯನಗರದ ನಡುರಾತ್ರಿಯನ್ನು ನೋಡಿ ಅರಿಝೋನಾದ ರಾಹುವನ್ನು ಹಿಡಿದಿದ್ದೆ. ಪೆಚ್ಚಾದೆ. ಆದರೆ ಸೋಲೊಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ.

"ನಿನ್ನ ಗೋಡೆ ಗಡಿಯಾರದಲ್ಲಿ ಎಷ್ಟು? ಹನ್ನೊಂದು. ಹತ್ತೂವರೆಯಿಂದ ಹನ್ನೆರಡು ತಾನೇ? ಹೇಗೆ ನೋಡಿದ್ರೂ ಬಿಡಲ್ಲ ಅವನು. ನನ್ನ ಗಡಿಯಾರದ ಪ್ರಕಾರ ಇನ್ನರ್ಧ ಗಂಟೆ, ಅಷ್ಟು ಕಾಯಿ."

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು. "ರಾಹು ನಡೆಯೋದು ಸೂರ್ಯನ ಲೆಕ್ಕದಲ್ಲಿ. ನೆತ್ತಿ ಮೇಲಿರೋ ಸೂರ್ಯ ಇಲ್ಲೀದು. ಕಾಯೋದಾದ್ರೆ ಗೋಡೆ ಗಡಿಯಾರದ ಹನ್ನೆರಡರವರೆಗೆ ಸರಿಯಾಗಿ ಕಾಯೋಣ."

ಅವಳಿಗೂ ರುಜು ಹಾಕುವ ಆತುರವಿರಲಿಲ್ಲವೇನೋ ಎಂದು ಆಗ ನನಗೆ ಹೊಳೆಯಲಿಲ್ಲ.

ಹೆರಾಲ್ಡನಿಗೆ ಇದನ್ನೆಲ್ಲ ವಿವರಿಸಿದೆವು. ಒಂದು ಹಾವು ಸೂರ್ಯನನ್ನು ನುಂಗುವ ಹೊತ್ತು ಎಂದು ಅಕ್ಕ ಸುಲಭ ಮಾಡಿ ಹೇಳಿದಳು. ಅವನು ಕಿಟಕಿಯಿಂದ ಸೂರ್ಯನನ್ನು ನೋಡಿ, ತನಗೇನೂ ಅವಸರವಿಲ್ಲ ಎಂದು ಟೋಪಿ ತೆಗೆದಿಟ್ಟ. ಕಿತ್ತಳೆ ಮರದ ಕೆಳಗೆ ಕುರ್ಚಿ ಹಾಕಿದೆವು. ನಾನು ಬಿಸಿಬಿಸಿ ಉಪ್ಪಿಟ್ಟು ಮಾಡಿ ತಂದೆ. ಕರಿಬೇವನ್ನು ಅವನು ಒಂದೊಂದಾಗಿ ಆಯ್ದು ತಟ್ಟೆಯಂಚಿಗೆ ಸಾಲಾಗಿಟ್ಟ.

ಮಾರುವ ಮಾತಿಲ್ಲದೆ ಕೂತ ಏಜೆಂಟ್ ಬೇರೆಯೇ ಮನುಷ್ಯನಾಗುತ್ತಾನೆ. ಗಾಳಿಗೆ ಒಂದೊಂದೇ ಬಿಳಿ ಹೂವು ಅವನ ಟೋಪಿಯೊಳಗೆ ಬೀಳುತ್ತಿತ್ತು. ನಿಮ್ಮ ಊರಿನಲ್ಲಿ ನಿಮ್ಮ ಮನೆ ಹೇಗಿದೆ ಎಂದು ನನ್ನನ್ನು ಕೇಳಿದ. ನನಗೆ ಬಂದ ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಬೆಳಗ್ಗೆ ಕಾಫಿಬೀಜ ಹುರಿಯುವ ಅಂಗಡಿಯ ವಾಸನೆ, ಹೊಲಗಳನ್ನು ಸೀಳಿ ಮಾಡಿದ ರಸ್ತೆಗಳು, ಹೂವಿನವಳ ಕೂಗು. ಹೇಳುತ್ತಾ ಹೇಳುತ್ತಾ ಮಹಡಿ ಹತ್ತಿದೆ. ಅಲ್ಲೊಂದು ಕೋಣೆ ಇದೆ, ಪೂರ್ವಕ್ಕೆ ಕಿಟಕಿ, ಕಿಟಕಿಗೊಂದು ಸಂಪಿಗೆ ಮರ, ನನ್ನ ಅಕ್ಕನಿಗೆಂದು ಕಟ್ಟಿಸಿದ್ದು, ಇನ್ನೂ ಯಾರೂ ಮಲಗಿಲ್ಲ ಎಂದೆ. ಇಂಗ್ಲಿಷಿನಲ್ಲಿ ಹೇಳಿದ್ದರಿಂದಲೋ ಏನೋ, ಅದು ಬೇರೆ ಯಾರದೋ ಕಥೆಯ ಹಾಗೆ ಸಲೀಸಾಗಿ ಬಂದುಬಿಟ್ಟಿತು. ತಿರುಗಿ ನೋಡಿದರೆ ಅಕ್ಕ ತಟ್ಟೆ ಕೆಳಗಿಟ್ಟಿದ್ದಳು.



ಆಮೇಲೆ ಅಕ್ಕ ಹೆರಾಲ್ಡನನ್ನು ಕೇಳಿದಳು. "ನಾನು ತಂಗಿಯ ಮನೆಗೆ ಹೋಗಿ ತಿಂಗಳುಗಟ್ಟಲೆ ಇದ್ದರೆ ನಿಮ್ಮ ಪ್ಲಾನ್ ಏನು ಮಾಡುತ್ತದೆ?"

ಅವನು ಕಾಗದ ನೋಡಲಿಲ್ಲ. ಬಹಳ ದಿನ ಜಿಲ್ಲೆಯಲ್ಲಿ ಇಲ್ಲದವರನ್ನು ಊರು ಬಿಟ್ಟವರೆಂದು ತಿಳಿದು ಹೆಸರು ತೆಗೆದುಹಾಕುತ್ತಾರೆ, ಬರಿಯ ಮೆಡಿಕೇರಂತೂ ದೇಶದ ಗಡಿ ದಾಟುವುದೇ ಇಲ್ಲ ಎಂದ. ಹಿಂದೆ ಕಟ್ಟುವ ವಿಮೆಗಳಲ್ಲಿ ಕೆಲವು ಮಾತ್ರ ಪರದೇಶದಲ್ಲಿ ಮೊದಲ ಎರಡು ತಿಂಗಳು ಏನಾದರೂ ಆದರೆ ಕೈಹಿಡಿಯುತ್ತವೆ. ಇಷ್ಟು ಹೇಳಿ, ತನ್ನ ಕಾಗದಗಳನ್ನು ತಾನೇ ಮಡಿಚಿ ಚೀಲಕ್ಕೆ ಹಾಕಿಕೊಂಡ. "ಅಂಥ ತಂಗಿ ಇರುವವರಿಗೆ ನಾನು ಇದನ್ನು ಮಾರಬಾರದು," ಎಂದ. ಟೋಪಿ ಕೊಡವದೆ ಹೂವಿನ ಸಮೇತ ತಲೆಗಿಟ್ಟುಕೊಂಡು ಹೋದ. ಗೋಡೆಯ ಗಡಿಯಾರದಲ್ಲಿ ರಾಹುಕಾಲ ಇನ್ನೂ ಮುಗಿದಿರಲಿಲ್ಲ.

ಅದೇ ಸಂಜೆ

ನಾನು ಗೆದ್ದೆ ಎಂದುಕೊಂಡಿದ್ದೆ. ಅಕ್ಕನ ಬಟ್ಟೆ ಯಾವ ಪೆಟ್ಟಿಗೆಗೆ ಹಿಡಿಸೀತು ಎಂದು ಲೆಕ್ಕ ಹಾಕುತ್ತಿದ್ದೆ. ಬಿಸಿಲು ಇಳಿದ ಮೇಲೆ, ಕೋಣೆಯ ಉಳಿದ ವಿವರಗಳನ್ನೆಲ್ಲ ಹೇಳುತ್ತಾ, ಅಕ್ಕನ ಜೊತೆ ನಡೆಯಲು ಹೊರಟೆ. ಆಕಾಶ ಪೂರ್ತಿ ಗುಲಾಬಿಯಾಗಿತ್ತು, ಬ್ಯಾಟರಿ ಗಾಡಿಗಳು ದೀಪ ಹಚ್ಚಿಕೊಂಡು ದೂರದಲ್ಲಿ ತೇಲುತ್ತಿದ್ದವು.

"ಕಮೋಡು ಬೇರೆ ಹಾಕಿಸಿದ್ಯಾ?"

"ಹ್ಞೂಂ."

"ಎಷ್ಟು ಯೋಚನೆ ಮಾಡ್ತೀಯೇ ನೀನು." ನನ್ನ ಕೈ ಹಿಡಿದುಕೊಂಡಳು. "ಇರೋಕೆ ಬರಲ್ಲ ಕಣೇ ನಾನು."

ನಾನು ನಿಂತೆ.

"ಅಲ್ಲಿ ನನ್ನ ಎದೆ ಯಾರಿಗೆ ಕೇಳಿಸ್ಲಿ?"

"ನನಗೆ ಕೇಳ್ಸು. ಕಿವಿ ಇನ್ನೂ ಚೆನ್ನಾಗಿದೆ ನಂಗೆ."

ಅಕ್ಕನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ನಿನಗೆ ಕೇಳ್ಸತ್ತೆ. ರಿಪೇರಿ ಬರಲ್ವಲ್ಲೇ ನಿನಗೆ."

ನನಗೆ ಕೆಟ್ಟ ಸಿಟ್ಟು ಬಂತು. ಅವಳ ಮೇಲೆ, ಆ ಯಂತ್ರದ ಮೇಲೆ, ಹಸಿರು ಬಳಿದ ಆ ಸುಳ್ಳು ಕಲ್ಲುಗಳ ಮೇಲೆ. ದಾರಿಯಲ್ಲೇ ನಿಂತು ಅತ್ತುಬಿಟ್ಟೆ. ಎದುರಿಗೆ ಬಂದ ಗಾಡಿಯ ದಂಪತಿ ಕೈಯೆತ್ತಲು ಹೋಗಿ, ಇಳಿಸಿ, ಮೆಲ್ಲಗೆ ಸುತ್ತುಹಾಕಿಕೊಂಡು ಹೋದರು. ಅಕ್ಕ ನನ್ನ ಸೆರಗಿನಿಂದಲೇ ನನ್ನ ಮೂಗು ಒರೆಸಿದಳು, ರಾಜಾಜಿನಗರದಲ್ಲಿ ಮಾಡುತ್ತಿದ್ದ ಹಾಗೆ.

"ಇರೋಕೆ ಬರಲ್ಲ ಅಂದೆ. ಬರಲ್ಲ ಅನ್ಲಿಲ್ಲ," ಎಂದಳು.

ಮುಂದಿನ ವಾರ ಅವಳು ಬಾಲಂಗೋಚಿ ಪ್ಲಾನಿಗೆ ರುಜು ಹಾಕಿದಳು, ಪರದೇಶದಲ್ಲಿ ಎರಡು ತಿಂಗಳು ಕೈಹಿಡಿಯುವಂಥದ್ದಕ್ಕೆ. ರಾಹುಕಾಲ ತಪ್ಪಿಸಿ ಹೊತ್ತು ನಾನೇ ನೋಡಿಕೊಟ್ಟೆ. ನಾನು ಹೊರಡುವ ಮುನ್ನ ಕಿತ್ತಳೆ ಮನೆ ಖಾಲಿ ಮಾಡಿ, ಊರವರೆಲ್ಲ ಬಟ್ಟೆ ಒಗೆಯುವ ಕೋಣೆಯ ಹಿಂದಿದ್ದ ಒಂದೇ ಕೋಣೆಯ ಮನೆಗೆ ಸಾಮಾನು ಸಾಗಿಸಿದೆವು. ಅದರ ಕಿಟಕಿಗೆ ಕಾಣುವುದು ಒಂದು ಗೋಡೆ. ಬೇಡ ಅಕ್ಕ, ಮರ ಇಟ್ಟುಕೋ, ನಾನೇ ಬಂದು ಹೋಗುತ್ತೇನೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅವಳು ಬರುವುದು ನನಗೆ ಬೇಕಿತ್ತು.

ವಿಜಯನಗರ, ಮತ್ತೆ

ಅಕ್ಕ ಬಂದಳು, ಅದೇ ವರ್ಷದ ಚಳಿಗೆ. ಸಂಪಿಗೆ ಕಿಟಕಿಯ ಕೋಣೆಯಲ್ಲಿ ಮಲಗಿದಳು, ಸಿಂಹಾಸನದ ಮೇಲೆ ಕೂತಳು, ಯಜಮಾನರು ಪ್ರಜೆಯಂತೆ ಕೈಕಟ್ಟಿ ಹೇಗಿದೆ ಎಂದು ವಿಚಾರಿಸಿ ಬೈಸಿಕೊಂಡರು. ನಡುವೆ ಒಮ್ಮೆ ಜ್ವರ ಬಂತು. ಮುಖ್ಯರಸ್ತೆಯ ನಮ್ಮ ಡಾಕ್ಟರು ಮನೆಗೇ ಬಂದು ನಾಡಿ ಹಿಡಿದು, ಎದೆಯ ಯಂತ್ರದ ಮೇಲೆ ಸ್ಟೆತಾಸ್ಕೋಪಿಟ್ಟು ಚಿಕ್ಕ ಹುಡುಗನ ಹಾಗೆ ಬೆರಗಾಗಿ ಕೇಳಿದರು. ಅಕ್ಕ ವಿಮೆಗೆ ಬೇಕೆಂದು ಬಿಲ್ಲು ಕೇಳಿದಾಗ ಅವರಿಗೆ ಬೇಸರವೇ ಆಯಿತು.

"ನಿಮ್ಮ ತಂಗಿ ನನ್ನ ಮಗಳಿಗೆ ಲೆಕ್ಕ ಹೇಳ್ಕೊಟ್ಟೋರು. ಬಿಲ್ಲು ಬರೆದ್ರೆ ನಾಳೆ ಅವರ ಮುಖ ಹೇಗಮ್ಮ ನೋಡ್ಲಿ?"

ಅವರು ಹೋದ ಮೇಲೆ ಅಕ್ಕ ಕಂಬಳಿಯೊಳಗೇ ನಕ್ಕಳು. "ಇದಕ್ಕೋಸ್ಕರ ಕಿತ್ತಳೆ ಮರ ಬಿಟ್ನಲ್ಲೇ!"

ಬಿಸಿಲೇರಿದ ಮೇಲೆ ಮಹಡಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆವು. ಸಂಪಿಗೆಯ ವಾಸನೆಗೆ ಅವಳು ಅರೆನಿದ್ದೆಯಲ್ಲಿ ಕಿತ್ತಳೆ ಹೂವು ಎನ್ನುತ್ತಿದ್ದಳು. ನನಗೂ ಕಣ್ಣು ಮುಚ್ಚಿದರೆ ನಿಶ್ಶಬ್ದದ ಗಾಡಿಗಳು ನಮ್ಮ ಬೀದಿಯಲ್ಲಿ ತೇಲಿ ಹೋಗುವುದು ಕಾಣುತ್ತಿತ್ತು. ಹೀಗೆ ಮಲಗಿ ಏಳುವುದರಲ್ಲೇ ಪ್ಲಾನಿನ ಎರಡು ತಿಂಗಳು ತುಂಬಿತು.

ಅವಳು ಹೊರಡುವ ದಿನವೂ ಶುಕ್ರವಾರವೇ ಬಂತು. ವಿಮಾನ ಮಧ್ಯಾಹ್ನದ ಮೇಲೆ. ಟ್ಯಾಕ್ಸಿ ಬೇಗ ಬಂದುಬಿಟ್ಟಿತ್ತು. ರಾಹುಕಾಲ ಕಳೆಯಲಿ ಎಂದು ಎಲ್ಲರೂ ನಡುಮನೆಯಲ್ಲಿ ಕೂತೆವು. ಪೆಟ್ಟಿಗೆಗಳು ಬಾಗಿಲಲ್ಲಿದ್ದವು. ಕೊನೆಗೆ ನಾನೇ ಎದ್ದೆ.

"ಹನ್ನೆರಡಾಯ್ತು ಕಣಕ್ಕ. ಏಳು, ರಾಹುಕಾಲ ಮುಗೀತು."

ಅಕ್ಕ ತನ್ನ ಮಣಿಕಟ್ಟು ನೋಡಿಕೊಂಡಳು. ಅವಳೂ ತನ್ನ ಗಡಿಯಾರ ತಿರುಗಿಸಿರಲಿಲ್ಲ ಎಂಬುದನ್ನು ಎರಡು ತಿಂಗಳಲ್ಲಿ ನಾನು ಗಮನಿಸಿಯೇ ಇರಲಿಲ್ಲ.

"ನನ್ನದ್ರಲ್ಲಿ ಹನ್ನೊಂದೂವರೆ," ಎಂದಳು. "ಇನ್ನೂ ಅರ್ಧ ಗಂಟೆ ಇದೆ."

"ನೆತ್ತಿ ಮೇಲಿರೋ ಸೂರ್ಯನ ಲೆಕ್ಕ ಅಂತ ನೀನೇ ಹೇಳಿದ್ದೆ."

"ಅದು ರುಜು ಹಾಕೋಕೆ. ಇದು ಹೊರಡೋಕೆ. ಕೂತ್ಕೋ."

ಯಜಮಾನರು ಟ್ಯಾಕ್ಸಿಯವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟು ಬರಲು ಎದ್ದು ಹೋದರು. ನಾನು ಅಕ್ಕನ ಪಕ್ಕದಲ್ಲಿ ಕೂತೆ.